ಹಳೆಯ ತೊಗಲು ಕುರ್ಚಿಗೆ ಮರುಜೀವ

ಮನೆ ಬದಲಿಸುವ ಕಾಲ ಬಂದಾಗ ಗೃಹಸ್ಥನು ನ್ಯಾಯಾಧೀಶನಾಗಬೇಕಾಗುತ್ತದೆ. ‘ಇದು ಇರಲಿ, ಅದು ಹೋಗಲಿ’ ಎಂದು ಪ್ರತಿಯೊಂದು ಸಾಮಾನಿನ ಮೇಲೂ ತೀರ್ಪು ಕೊಡಬೇಕು. ನಾವು ಬಸವನಗುಡಿಯ ಹೆಂಚಿನ ಮನೆಯನ್ನು ಬಿಟ್ಟು ಮೂರನೆಯ ಅಂತಸ್ತಿನ ಮನೆಯೊಂದಕ್ಕೆ ಹೊರಡುವುದೆಂದು ನಿಶ್ಚಯವಾದ ದಿನವೇ ಗಡೀಪಾರಿನ ಶಿಕ್ಷೆಗೆ ಗುರಿಯಾದುದು ಹಜಾರದ ಮೂಲೆಯಲ್ಲಿದ್ದ ತೊಗಲಿನ ಆರಾಮಕುರ್ಚಿ.

ಅದರ ಸ್ಥಿತಿಯೂ ಹಾಗೆಯೇ ಇತ್ತೆನ್ನಿ. ಬಲಗೈ ಊರುವ ಜಾಗದಲ್ಲಿ ನಾಲ್ಕು ಅಂಗುಲದಷ್ಟು ಹರಿದಿತ್ತು. ತಲೆ ಆನಿಸುವಲ್ಲಿ ಎಣ್ಣೆಯ ಕರಿಯ ಮಂಡಲ. ಆಸನದ ತೊಗಲು ಬೇಸಗೆಯ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಕುಳಿತೊಡನೆ ಒಳಗಿನ ಸ್ಪ್ರಿಂಗೊಂದು ‘ಎದ್ದೇಳು’ ಎಂದು ತಿವಿಯುತ್ತಿತ್ತು. ಹಳೆಯ ಸಾಮಾನು ಕೊಳ್ಳುವವನು ಬಂದು ಸುತ್ತಲೂ ನೋಡಿ, ಕಾಲುಗಳನ್ನು ಬೆರಳಿನಿಂದ ತಟ್ಟಿ, “ಮರಕ್ಕೆ ೩೦೦ ರೂಪಾಯಿ ಕೊಡುತ್ತೇನೆ, ತೊಗಲಿಗೆ ಏನೂ ಇಲ್ಲ” ಎಂದ. ನನ್ನ ತಮ್ಮ ಒಪ್ಪಿಯೂ ಬಿಟ್ಟ.

ಆ ವ್ಯವಹಾರ ನಡೆಯುತ್ತಿದ್ದಾಗ ನಮ್ಮ ತಂದೆಯವರು ಆ ಕುರ್ಚಿಯಲ್ಲಿಯೇ ಕುಳಿತಿದ್ದರು. ಅವರಿಗೆ ಎಂಬತ್ತು ದಾಟಿದೆ. ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಮನೆಯನ್ನು ಅವರು ಕೈಯಿಂದಲೇ ನೋಡುತ್ತಾರೆ. ಅವರು ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ. ಹರಿದ ತೊಗಲಿನ ಎರಡು ಅಂಚುಗಳನ್ನೂ ಬೆರಳಿನಿಂದ ಕೂಡಿಸಿ ಹಿಡಿಯುತ್ತಿದ್ದರು, ಬೆರಳು ತೆಗೆದೊಡನೆ ಅದು ಮತ್ತೆ ಬಾಯಿ ತೆರೆಯುತ್ತಿತ್ತು, ಮತ್ತೆ ಕೂಡಿಸುತ್ತಿದ್ದರು. ಅದನ್ನು ಕಂಡ ನನಗೆ ಮಾತು ತಡೆಯಲಾಗಲಿಲ್ಲ. ಕೊಳ್ಳುವವನಿಗೆ, “ಮುಂದಿನ ತಿಂಗಳು ಬಾ” ಎಂದೆ.

ಒಂದು ತಿಂಗಳ ಗಡುವು! ಆ ತಿಂಗಳಲ್ಲಿ ನಾನು ಕಲಿತುದನ್ನು, ಕಲಿಯುವ ಮುನ್ನ ಕೆಡಿಸಿದುದನ್ನು ಇಲ್ಲಿ ಹೇಳಹೊರಟಿದ್ದೇನೆ. ಅನೇಕರ ಮನೆಗಳಲ್ಲಿ ಇಂತಹ ಒಂದು ಕುರ್ಚಿಯೋ ಸೋಫಾವೋ ಮೂಲೆ ಹಿಡಿದಿರುವುದುಂಟು. ಅವರಿಗೆ ಇದರಿಂದ ಪ್ರಯೋಜನವಾದೀತು.

ನನ್ನ ಅಪರಾಧ

ಈ ಕುರ್ಚಿಯನ್ನು ನಮ್ಮ ಅಜ್ಜ ೧೯೪೭ರಲ್ಲಿ, ಊರಿಗೆ ಹಿಂತಿರುಗುತ್ತಿದ್ದ ಇಂಗ್ಲಿಷ್ ಕುಟುಂಬವೊಂದರ ಸಾಮಾನುಗಳ ಹರಾಜಿನಲ್ಲಿ, ಕಂಟೋನ್ಮೆಂಟಿನಿಂದ ಎತ್ತಿನ ಗಾಡಿಯಲ್ಲಿ ತಂದರಂತೆ. ಅಜ್ಜಿ ಅದನ್ನು ಜಗಲಿಯಿಂದ ಒಳಗೆ ಬಿಡಲಿಲ್ಲ. ತೊಗಲು ಮೈಲಿಗೆಯೆಂದು ಅವರ ನಂಬಿಕೆ. ಅದರಲ್ಲಿ ಕುಳಿತ ಮಕ್ಕಳು ಕೈಕಾಲು ತೊಳೆದೇ ಅಡಿಗೆಮನೆಗೆ ಬರಬೇಕಾಗಿತ್ತು. ಅಜ್ಜಿ ತೀರಿಕೊಂಡ ಮೇಲೆಯೇ ಕುರ್ಚಿ ಹಜಾರಕ್ಕೆ ಬಡ್ತಿ ಪಡೆದದ್ದು.

ಹದಿನೈದು ವರ್ಷಗಳ ಹಿಂದೆ ಒಂದು ದೀಪಾವಳಿಯಲ್ಲಿ, ಕುರ್ಚಿ ಒಣಗಿ ಬಣ್ಣಗೆಟ್ಟಿದೆಯೆಂದು ನಾನು ಅದಕ್ಕೆ ಕೊಬ್ಬರಿಯೆಣ್ಣೆಯ ಅಭ್ಯಂಜನ ಮಾಡಿಸಿದೆ. ಸಾಲದೆಂದು ಕಂದು ಬಣ್ಣದ ಬೂಟ್‌ಪಾಲಿಷನ್ನು ಧಾರಾಳವಾಗಿ ತಿಕ್ಕಿದೆ. ಮೊದಲ ದಿನ ಅದು ಮದುಮಗನಂತೆ ಮಿಂಚಿತು. ಮರುದಿನ ತಂದೆಯವರು ಹೊಸ ಪಂಚೆಯುಟ್ಟು ಅದರಲ್ಲಿ ಕುಳಿತು ಎದ್ದಾಗ, ಪಂಚೆಯ ಹಿಂಬದಿಯೆಲ್ಲ ಕಂದು. ಬರುವ ಮಳೆಗಾಲಕ್ಕೆ ಎಣ್ಣೆ ಕುಡಿದ ತೊಗಲಿನ ಮೇಲೆ ಬೂಷ್ಟು ಬೆಳೆಯಿತು. ಎಣ್ಣೆ ಹಳಸಿ ನಾತವೂ ಬಂತು. ಸದುದ್ದೇಶದಿಂದ ಮಾಡಿದ ಕೆಲಸವೇ ಕುರ್ಚಿಯ ಅವಸಾನಕ್ಕೆ ಮೊದಲ ಮೆಟ್ಟಿಲಾಯಿತು. ತಂದೆಯವರು ಒಂದು ದಿನವೂ ಆಡಿ ತೋರಿಸಲಿಲ್ಲ. ಆಡದೆ ಇದ್ದುದರಿಂದಲೇ ಆ ಋಣ ನನ್ನ ಮನಸ್ಸಿನಲ್ಲಿ ಉಳಿದಿತ್ತು.

ತೊಗಲು ಎಂದರೇನು?

ಹಸಿಯ ಚರ್ಮ ಎರಡು ದಿನದಲ್ಲಿ ಕೊಳೆಯುತ್ತದೆ. ಅದನ್ನು ಕೊಳೆಯದಂತೆ ಹದಮಾಡಿದರೆ ತೊಗಲು. ಚರ್ಮವೆಂಬುದು ಕೊಲಾಜೆನ್ ಎಂಬ ಸಸಾರಜನಕದ ಎಳೆಗಳ ಹೆಣಿಗೆ. ಅಡಿಕೆಯಲ್ಲಿ, ಚಹದಲ್ಲಿ ನಮ್ಮ ನಾಲಗೆಯನ್ನು ಹಿಡಿಯುವ ಒಂದು ಚೊಗರು ಇದೆಯಲ್ಲವೆ? ಆ ಜಾತಿಯ ಚೊಗರೇ ಈ ಎಳೆಗಳನ್ನು ಹಿಡಿದು ಕಟ್ಟುತ್ತದೆ. ದಕ್ಷಿಣ ಭಾರತದಲ್ಲಿ ತಲೆಮಾರುಗಳಿಂದ ತಂಗಡಿಯ ತೊಗಟೆ ಮತ್ತು ಅಳಲೆಕಾಯಿಗಳನ್ನು ಈ ಕೆಲಸಕ್ಕೆ ಬಳಸಿದರು. ಹೊಲದ ಬದುವಿನಲ್ಲಿ ಹಳದಿ ಹೂವು ಬಿಡುವ ಆ ತಂಗಡಿ ಗಿಡವನ್ನು ಕಾಣದ ಕನ್ನಡಿಗರಿಲ್ಲ. ಅದರ ತೊಗಟೆಯಿಂದ ಹದಗೊಂಡ ತೊಗಲು ಮದರಾಸಿನ ಬಂದರಿನಿಂದ ಹಡಗೇರಿ ವಿಲಾಯಿತಿಗೆ ಹೋಗುತ್ತಿತ್ತು.

ಇನ್ನೊಂದು ವಿಧಾನ ಕ್ರೋಮಿಯಂ ಲವಣಗಳಿಂದ ಹದಮಾಡುವುದು. ಅಮೆರಿಕದಲ್ಲಿ ೧೮೮೪ರಲ್ಲಿ ಆಗಸ್ಟಸ್ ಷುಲ್ಟ್ಸ್ ಎಂಬಾತ ಇದಕ್ಕೆ ಹಕ್ಕುಪತ್ರ ಪಡೆದ. ತೊಗಟೆಯ ಹದಕ್ಕೆ ವಾರಗಳು, ತಿಂಗಳುಗಳು ಬೇಕು. ಕ್ರೋಮಿಯಮ್ಮಿಗೆ ಒಂದೆರಡು ದಿನ ಸಾಕು. ಇಂದು ಜಗತ್ತಿನ ತೊಗಲಿನಲ್ಲಿ ಬಹುಪಾಲು ಈ ಬಗೆಯದೇ. ನಮ್ಮ ದೇಶದಲ್ಲಿ ಈ ವಿದ್ಯೆಯ ಸಂಶೋಧನೆಗೆಂದೇ ೧೯೪೮ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು.

ಈ ವಿಷಯವನ್ನೆಲ್ಲ ಹೇಳಿದುದು ಪಾಂಡಿತ್ಯಕ್ಕಲ್ಲ. ತೊಗಲು ಸ್ವಭಾವತಃ ತುಸು ಆಮ್ಲಗುಣದ್ದು. ಸಾಬೂನು, ಬಟ್ಟೆ ಒಗೆಯುವ ಪುಡಿ, ಅಡಿಗೆ ಸೋಡ ಮೊದಲಾದುವು ಕ್ಷಾರಗುಣದವು. ಇವೆರಡಕ್ಕೂ ಆಗಿಬರುವುದಿಲ್ಲ. ಪಾತ್ರೆ ತೊಳೆಯುವಂತೆ ಕುರ್ಚಿಯನ್ನು ತೊಳೆದವರು ಅದನ್ನು ಹಾಳುಮಾಡುವುದು ಈ ಕಾರಣದಿಂದ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ನಿಮ್ಮ ಮನೆಯ ಸೋಫಾ ನಿಜವಾಗಿ ತೊಗಲಿನದೇ ಎಂದು ಮೊದಲು ನೋಡಿ. ಅಡಿಯಲ್ಲಿ ಮಡಚಿ ಮೊಳೆ ಹೊಡೆದಿರುವ ಅಂಚನ್ನು ಹುಡುಕಿ ಅದರ ಒಳಮೈಯನ್ನು ಗಮನಿಸಬೇಕು. ಒಳಮೈ ಜುಂಗುಜುಂಗಾಗಿ ನಾರಿನಂತೆ ಇದ್ದರೆ ತೊಗಲು. ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್ ಅಥವಾ ಅದರ ಬಂಧು. ತೊಗಲಿನ ಮೇಲ್ಮೈಯ ರಂಧ್ರಗಳು ಒಂದರಂತೆ ಒಂದಿರುವುದಿಲ್ಲ. ಯಂತ್ರದ ಅಚ್ಚಿನವು ಕವಾಯತಿನ ಸಿಪಾಯಿಗಳಂತೆ ಸಾಲಾಗಿ ನಿಂತಿರುತ್ತವೆ. ಈಗ ಪೇಟೆಯಲ್ಲಿ ‘ಬಾಂಡೆಡ್ ಲೆದರ್’ ಎಂಬುದೊಂದು ಬಂದಿದೆ. ತೊಗಲಿನ ಚೂರುಪಾರುಗಳನ್ನು ಅರೆದು ಅಂಟಿನಿಂದ ಬಟ್ಟೆಗೆ ಮೆತ್ತಿ ಮೇಲೆ ಪ್ಲಾಸ್ಟಿಕ್ ಹೊದಿಕೆ ಕೊಟ್ಟದ್ದು ಅದು. ಕೆಲವೇ ವರ್ಷಗಳಲ್ಲಿ ಅದು ಬಿಸಿಲಿಗೆ ಸುಟ್ಟ ಬೆನ್ನಿನಂತೆ ಸಿಪ್ಪೆ ಸುಲಿಯುತ್ತದೆ. ಅದಕ್ಕೆ ಮದ್ದಿಲ್ಲ; ಹೊದಿಕೆಯನ್ನೇ ಬದಲಿಸಬೇಕು. ಅದರ ಮೇಲೆ ಹಣವನ್ನೂ ಶ್ರಮವನ್ನೂ ಸುರಿಯಬೇಡಿ.

ತೊಗಲೆಂದು ತಿಳಿದ ಮೇಲೆ ಇನ್ನೊಂದು ಪರೀಕ್ಷೆ. ಮರೆಯಾದ ಒಂದೆಡೆ ಒಂದು ಹನಿ ನೀರು ಬಿಡಿ. ಹನಿ ಕೆಸುವಿನೆಲೆಯ ಮೇಲಿನ ನೀರಿನಂತೆ ನಿಂತರೆ ತೊಗಲಿನ ಮೇಲೆ ಬಣ್ಣದ ರಕ್ಷಣಾ ಪದರವಿದೆ. ಕ್ಷಣದಲ್ಲಿ ಇಂಗಿ ಕಪ್ಪಾದರೆ ಪದರವಿಲ್ಲ, ಅಥವಾ ಸವೆದಿದೆ. ನಮ್ಮ ಕುರ್ಚಿಯ ಬೆನ್ನಿನ ಮೇಲೆ ಹನಿ ನಿಂತಿತು. ಕೈ ಊರುವಲ್ಲಿ ಇಂಗಿತು. ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಅಜ್ಜನ ಮತ್ತು ತಂದೆಯ ಕೈಗಳು ಆ ಪದರವನ್ನು ತೇಯ್ದಿದ್ದುವು.

ಒಂದು ನಿಯಮವನ್ನು ಕೊನೆಯವರೆಗೂ ಮರೆಯಬಾರದು. ಯಾವ ದ್ರವವನ್ನಾದರೂ, ಯಾವ ಬಣ್ಣವನ್ನಾದರೂ ಮೊದಲು ಆಸನದ ಅಡಿಯಲ್ಲೋ ಹಿಂಬದಿಯಲ್ಲೋ ನಾಣ್ಯದಷ್ಟು ಜಾಗದಲ್ಲಿ ಹಚ್ಚಿ, ಒಂದು ದಿನ ಬಿಟ್ಟು ನೋಡಿಯೇ ಮುಂದುವರಿಯಬೇಕು.

ಒಳಗಿನ ಎಲುಬು

ಮೇಲಿನ ತೊಗಲನ್ನು ಎಷ್ಟು ಸಿಂಗರಿಸಿದರೂ ಒಳಗಿನ ಎಲುಬು ಮುರಿದಿದ್ದರೆ ವ್ಯರ್ಥ. ಕುರ್ಚಿಯನ್ನು ಬೋರಲು ಹಾಕಿ ಅಡಿಯ ಬಟ್ಟೆಯನ್ನು ಬಿಚ್ಚಿದೆವು. ಒಳಗೆ ಆಡ್ಡನೆಯ ಉದ್ದನೆಯ ಸೆಣಬಿನ ಪಟ್ಟಿಗಳು, ಅವುಗಳ ಮೇಲೆ ಹುರಿಯಿಂದ ಬಿಗಿದ ಸ್ಪ್ರಿಂಗುಗಳು, ಅವುಗಳ ಮೇಲೆ ನಾರಿನ ಮೆತ್ತೆ. ಎರಡು ಪಟ್ಟಿಗಳು ಹರಿದು, ಒಂದು ಸ್ಪ್ರಿಂಗಿನ ಹುರಿ ಬಿಚ್ಚಿ ಅದು ವಾಲಿಕೊಂಡಿತ್ತು. ತಿವಿಯುತ್ತಿದ್ದವ ಅವನೇ.

ಹೊಸ ಪಟ್ಟಿಯನ್ನು ಒಂದು ಪಕ್ಕಕ್ಕೆ ಮಡಚಿ ಮೊಳೆ ಹೊಡೆದು, ಇನ್ನೊಂದು ಪಕ್ಕಕ್ಕೆ ಬಲವಾಗಿ ಎಳೆದು ಬಿಗಿಯಬೇಕು. ಒಂದರ ಮೇಲೊಂದು, ಒಂದರ ಕೆಳಗೊಂದು ಎಂದು ಮಂಚದ ನವಾರಿನಂತೆ ಹೆಣೆಯಬೇಕು. ಸ್ಪ್ರಿಂಗಿನ ಬುಡವನ್ನು ಪಟ್ಟಿಗೆ ನಾಲ್ಕು ಕಡೆ ಹೊಲಿದು, ತಲೆಗಳನ್ನು ಅಕ್ಕಪಕ್ಕದವುಗಳೊಡನೆ ಹುರಿಯಿಂದ ಕಟ್ಟಬೇಕು. ಕುಗ್ಗಿದ ಮೆತ್ತೆಗೆ ಒಂದಿಷ್ಟು ತೆಂಗಿನ ನಾರನ್ನೂ ಹತ್ತಿಯನ್ನೂ ಸೇರಿಸಿದೆವು. ತಮ್ಮನ ಮಗನೂ ನಾನೂ ಸೇರಿ ಎರಡು ಭಾನುವಾರಗಳಲ್ಲಿ ಇಷ್ಟನ್ನು ಮುಗಿಸಿದೆವು. ಹುಡುಗನಿಗೆ ಮೆತ್ತೆಯ ಸಂದಿಯಲ್ಲಿ ೧೯೫೭ರ ಒಂದು ನಯಾ ಪೈಸೆ ಸಿಕ್ಕಿತು. ಅಂದಿನಿಂದ ಅವನಿಗೆ ಕುರ್ಚಿಯ ಮೇಲೆ ಗೌರವ ಹೆಚ್ಚಿತು.

ಕೊಳೆ ತೆಗೆಯುವುದು

ಮೊದಲು ಮೃದುವಾದ ಬ್ರಷ್ಷಿನಿಂದ ಸಂದುಗೊಂದುಗಳ ಧೂಳನ್ನು ತೆಗೆಯಬೇಕು. ಧೂಳಿರುವಾಗಲೇ ಒದ್ದೆ ಬಟ್ಟೆ ಆಡಿಸಿದರೆ ಮರಳುಕಾಗದದಿಂದ ಉಜ್ಜಿದಂತಾಗುತ್ತದೆ. ಅನಂತರ, ಕ್ಷಾರವಿಲ್ಲದ ಸೌಮ್ಯ ದ್ರವಸಾಬೂನಿನ ನಾಲ್ಕು ಹನಿಗಳನ್ನು ನೀರಿನಲ್ಲಿ ಕದಡಿ, ನೊರೆಯನ್ನು ಮಾತ್ರ ಸ್ಪಂಜಿನಲ್ಲಿ ತೆಗೆದುಕೊಂಡು ಅಂಗೈಯಗಲ ಜಾಗವನ್ನು ಒರಸಿ, ಒಡನೆಯೇ ಹಿಂಡಿದ ಬಟ್ಟೆಯಿಂದ ಸಾಬೂನನ್ನು ತೆಗೆದು, ಒಣಬಟ್ಟೆಯಿಂದ ಒತ್ತಬೇಕು. ಆಮೇಲೆ ಪಕ್ಕದ ಅಂಗೈಯಗಲ. ಕುರ್ಚಿ ತೇವವಾಗಬೇಕೇ ಹೊರತು ಒದ್ದೆಯಾಗಬಾರದು.

ಕಬ್ಬಿಣದ ಮೊಳೆಗಳಿರುವ ಕಡೆ ಇನ್ನೂ ಎಚ್ಚರ ಬೇಕು. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಕಪ್ಪು ಶಾಯಿ ಮಾಡುತ್ತಿದ್ದರು. ಚೊಗರೂ ಕಬ್ಬಿಣವೂ ಸೇರಿದರೆ ಕಪ್ಪು. ತೊಗಟೆಯ ಹದದ ತೊಗಲಿನಲ್ಲಿ ಚೊಗರಿದೆ, ಮೊಳೆಯಲ್ಲಿ ಕಬ್ಬಿಣವಿದೆ, ನೀವು ನೀರು ಕೊಟ್ಟಿರಾದರೆ ಕುರ್ಚಿಯ ಅಂಚಿನಲ್ಲಿಯೇ ಶಾಯಿ ತಯಾರಾಗುತ್ತದೆ! ಕುರ್ಚಿಯ ಅಂಚಿಗೆ ಹಿತ್ತಾಳೆಯ ತಲೆಯ ಮೊಳೆ ಹೊಡೆಯುವುದು ಬರಿಯ ಅಂದಕ್ಕಲ್ಲ.

ತಲೆಯೆಣ್ಣೆಯ ಕಲೆ ನಮ್ಮ ದೇಶದ ಕುರ್ಚಿಗಳ ವಿಶೇಷ ರೋಗ. ಅದರ ಮೇಲೆ ಮೆಕ್ಕೆಜೋಳದ ಹಿಟ್ಟನ್ನೋ ಮುಖಕ್ಕೆ ಹಚ್ಚುವ ಪೌಡರನ್ನೋ ದಪ್ಪವಾಗಿ ಹರಡಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಬ್ರಷ್ಷಿನಿಂದ ತೆಗೆಯಬೇಕು. ನಾನು ಆರು ರಾತ್ರಿ ಹೀಗೆ ಮಾಡಿದೆ. ಹೊಸ ಕಲೆಯಾದರೆ ಪೂರ್ತಿ ಹೋಗುತ್ತದೆ. ನನ್ನ ಹಳೆಯ ಅಭ್ಯಂಜನದ ಕಲೆ ಅರ್ಧ ಹೋಯಿತು. ಇನ್ನರ್ಧ ಇಂದಿಗೂ ಇದೆ. ಮಾಡಿದ ತಪ್ಪಿಗೆ ಅಷ್ಟಾದರೂ ಗುರುತಿರಲಿ.

ಬೂಷ್ಟು ಹಿಡಿದ ಕುರ್ಚಿಯನ್ನು ಒಳಗೆ ಕೊಡವಬಾರದು. ಹೊರಗೆ ನೆರಳಿಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್ಷಿನಿಂದ ಬೂಷ್ಟನ್ನು ತೆಗೆಯಬೇಕು. ಔಷಧದಂಗಡಿಯಲ್ಲಿ ದೊರೆಯುವ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮಪ್ರಮಾಣದ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ತೇವಮಾಡಿ ಹಗುರವಾಗಿ ಒರಸಿ, ಫ್ಯಾನಿನ ಗಾಳಿಗೆ ಒಣಗಿಸಬೇಕು. ಆಲ್ಕೊಹಾಲು ಕೆಲವು ಬಣ್ಣಗಳನ್ನು ಕರಗಿಸುತ್ತದೆ. ಆದುದರಿಂದ ನಾಣ್ಯದಗಲದ ಪರೀಕ್ಷೆ ಇಲ್ಲಿ ಕಡ್ಡಾಯ. ಅದು ಬೆಂಕಿಗೆ ಹತ್ತುವ ದ್ರವ. ಒಲೆಯ ಬಳಿ, ದೇವರ ದೀಪದ ಬಳಿ ತೆರೆಯಬೇಡಿ. ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆಂದು ಕೆಲವರು ಮಧ್ಯಾಹ್ನದ ಬಿಸಿಲಿಗೆ ಇಡುತ್ತಾರೆ. ಬೂಷ್ಟಿನ ಜೊತೆಗೆ ತೊಗಲೂ ಸಾಯುತ್ತದೆ.

ಕೆಂಪು ಪುಡಿಯ ರೋಗ

ಕುರ್ಚಿಯ ಹಿಂಬದಿಯ ಕೆಳಪಟ್ಟಿಯನ್ನು ಮುಟ್ಟಿದಾಗ ಬೆರಳಿಗೆ ಇಟ್ಟಿಗೆಯ ಪುಡಿಯಂತಹ ಕೆಂಪು ಧೂಳು ಹತ್ತಿತು. ಹಳೆಯ ಪುಸ್ತಕಗಳ ತೊಗಲಿನ ರಟ್ಟಿನಲ್ಲಿ ಇದನ್ನು ನೀವು ಕಂಡಿರಬಹುದು. ಹೊಗೆಯಲ್ಲಿರುವ ಗಂಧಕದ ಅನಿಲವನ್ನು ತೊಗಟೆಯ ಹದದ ತೊಗಲು ಹೀರಿಕೊಂಡಾಗ, ಅದು ಒಳಗೆ ಗಂಧಕಾಮ್ಲವಾಗಿ ಎಳೆಗಳನ್ನು ತಿನ್ನುತ್ತದೆ. ೧೮೪೦ರ ದಶಕದಲ್ಲಿಯೇ, ವಿದ್ಯುಚ್ಛಕ್ತಿಯ ಸಂಶೋಧನೆಗಳಿಂದ ವಿಖ್ಯಾತನಾದ ಮೈಕೆಲ್ ಫ್ಯಾರಡೆ, ಲಂಡನ್ನಿನಲ್ಲಿ ಗ್ಯಾಸಿನ ದೀಪಗಳ ಹೊಗೆಯಿಂದ ತೊಗಲು ಹಾಳಾಗುವುದನ್ನು ಗುರುತಿಸಿದ್ದ. ಈ ರೋಗಕ್ಕೆ ಪರಿಹಾರವಿಲ್ಲ; ಎಣ್ಣೆ ಹಚ್ಚಿದರೆ ಪುಡಿ ಕೆಸರಾಗುವುದಷ್ಟೇ. ಪುಸ್ತಕದ ರಟ್ಟಾದರೆ ಪುಡಿ ಉದುರದಂತೆ ತಜ್ಞರು ದ್ರವವೊಂದರಿಂದ ಕಟ್ಟುತ್ತಾರೆ. ಭಾರ ಹೊರುವ ಕುರ್ಚಿಯಲ್ಲಿ ಆ ತುಂಡನ್ನೇ ಬದಲಿಸಬೇಕು. ನಾವು ಅದನ್ನೇ ಮಾಡಿದೆವು.

ಹರಿದುದಕ್ಕೆ ಒಳತೇಪೆ

ಈಗ ಮುಖ್ಯವಾದ ಗಾಯಕ್ಕೆ ಬರೋಣ. ಹರಿದ ತೊಗಲಿಗೆ ಮೇಲಿನಿಂದ ತೇಪೆ ಹಾಕಬಾರದು, ಒಳಗಿನಿಂದ ಹಾಕಬೇಕು. ತೆಳುವಾದ ತೊಗಲನ್ನೋ ದಪ್ಪ ಹತ್ತಿಬಟ್ಟೆಯನ್ನೋ ಗಾಯಕ್ಕಿಂತ ಸುತ್ತಲೂ ಒಂದು ಸೆಂಟಿಮೀಟರಿನಷ್ಟು ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿಕೊಳ್ಳಬೇಕು. ಮೂಲೆ ಚೂಪಾಗಿದ್ದರೆ ಮುದುರಿ ಮೇಲೆ ಗಂಟಿನಂತೆ ಕಾಣುತ್ತದೆ. ಅದನ್ನು ಚಿಮಟದಿಂದ ಗಾಯದೊಳಗೆ ತೂರಿಸಿ, ಸುಕ್ಕಿಲ್ಲದಂತೆ ಹರಡಬೇಕು. ಒಣಗಿದ ಮೇಲೂ ಬಾಗುವಂತಹ ಅಂಟನ್ನು ಕಡ್ಡಿಯಿಂದ ಹರಿದ ತೊಗಲಿನ ಒಳಮೈಗೆ ಸವರಿ, ಅಂಚಿಗೆ ಅಂಚು ಕೂಡಿಸಿ, ಉಕ್ಕಿದ ಅಂಟನ್ನು ಒರಸಿ, ಮೇಲೆ ಎಣ್ಣೆಕಾಗದವನ್ನಿಟ್ಟು ಭಾರ ಹೇರಬೇಕು. ನಮ್ಮ ಮನೆಯಲ್ಲಿ ಭಾರಕ್ಕೆ ಒದಗಿದುದು ಅಜ್ಜನ ಕಾಲದ ನಿಘಂಟು. ಕ್ಷಣದಲ್ಲಿ ಹಿಡಿಯುವ ಅಂಟು ಬೇಡವೇ ಬೇಡ. ಅದು ಕಲ್ಲಿನಂತಾಗುತ್ತದೆ, ತೊಗಲು ಬಾಗಿದಾಗ ಅದರ ಪಕ್ಕದಲ್ಲೇ ಹೊಸ ಹರಕು ಹುಟ್ಟುತ್ತದೆ.

ಮರುದಿನ, ಉಳಿದ ಸಂದಿಗೂ ಆಸನದ ಬಿರುಕುಗಳಿಗೂ ತೊಗಲಿಗೆಂದೇ ದೊರೆಯುವ ಬಾಗುವ ಭರ್ತಿಯ ಲೇಪವನ್ನು ತೆಳುವಾಗಿ ತುಂಬಬೇಕು. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಒಮ್ಮೆಗೇ ದಪ್ಪವಾಗಿ ತುಂಬಿದರೆ ಒಣಗುವಾಗ ಕುಗ್ಗಿ ಹಳ್ಳ ಬೀಳುತ್ತದೆ. ನಾಲ್ಕೈದು ಪದರಗಳಾದ ಮೇಲೆ ಅತಿ ನಯವಾದ ಮರಳುಕಾಗದದಿಂದ ಹಗುರವಾಗಿ ತೀಡಿ ಸಮಮಾಡಬೇಕು.

ಹೊಲಿಗೆಯ ಗುರು

ಬಿಟ್ಟುಹೋದ ಹೊಲಿಗೆ ನನ್ನ ಕೈಗೆ ಬಗ್ಗಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ, ಹೊಂಗೆಯ ಮರದ ಬುಡದಲ್ಲಿ ಪಾದರಕ್ಷೆ ಹೊಲಿಯುವ ವೃದ್ಧರೊಬ್ಬರಿದ್ದರು. ಮೂವತ್ತು ವರ್ಷ ಅವರ ಮುಂದೆ ಓಡಾಡಿದ್ದೆ, ಚಪ್ಪಲಿ ಕೊಟ್ಟು ಚಪ್ಪಲಿ ಪಡೆದಿದ್ದೆ, ಮಾತನಾಡಿದ್ದು ಕಡಮೆ. ಅವರನ್ನು ಕರೆದು ಕುರ್ಚಿ ತೋರಿಸಿದೆ. ಅವರು ಅದನ್ನು ನೋಡುವ ಮೊದಲು ಮೂಸಿದರು, ಒಳಮೈಯನ್ನು ಉಗುರಿನಿಂದ ಕೆರೆದರು, “ಇದು ತೊಗಟೆಯ ತೊಗಲು, ಸ್ವಾಮಿ. ಇಂತಹುದು ಈಗ ನಮ್ಮ ಕೈಗೆ ಬರುವುದು ಅಪರೂಪ” ಎಂದರು.

ಅವರು ಕಲಿಸಿದ ಹೊಲಿಗೆ ಹೀಗಿದೆ. ಮೇಣ ಸವರಿದ ಒಂದೇ ಗಟ್ಟಿ ದಾರದ ಎರಡು ತುದಿಗಳಿಗೂ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಒಂದು ಸೂಜಿ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಹಾಯಬೇಕು. ಎರಡನ್ನೂ ಸಮವಾಗಿ ಎಳೆಯಬೇಕು. ಮುಂದೆ ಎಂದಾದರೂ ಒಂದು ಕಡೆಯ ಎಳೆ ತುಂಡಾದರೂ ಇನ್ನೊಂದು ಕಡೆಯದು ಹಿಡಿದುಕೊಂಡಿರುತ್ತದೆ. ಆ ಬದಿಗೆ ಕೈ ಹೋಗದೆಡೆ ಬಾಗಿದ ಸೂಜಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ತೂತುಗಳಲ್ಲಿಯೇ ಹೊಲಿಯಬೇಕು. ನಾನು ಜಾಣತನದಿಂದ ಪಕ್ಕದಲ್ಲಿ ಹೊಸ ತೂತು ಕೊರೆಯಲು ದಬ್ಬಣ ಎತ್ತಿದಾಗ ಅವರು ನನ್ನ ಕೈ ಹಿಡಿದರು. “ಅಂಚೆಚೀಟಿಯನ್ನು ಹರಿಯುವುದು ಹೇಗೆ, ಸ್ವಾಮಿ? ತೂತಿನ ಸಾಲಿನಲ್ಲೇ ಅಲ್ಲವೆ?” ಎಂದರು. ಪುಸ್ತಕದ ಪುಟವೊಂದು ಹೇಳಲಾರದ್ದನ್ನು ಆ ಒಂದು ಮಾತು ಹೇಳಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಪಾದರಕ್ಷೆ ಮಾಡುವ ಹರಳಯ್ಯನನ್ನು ಶರಣರು ತಮ್ಮ ಸಾಲಿನಲ್ಲಿ ಕೂಡಿಸಿಕೊಂಡರೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ನಮ್ಮ ಬೀದಿಯ ತಿರುವಿನಲ್ಲಿ ಕುಳಿತವರ ಹೆಸರನ್ನು ನಾನು ಮೂವತ್ತು ವರ್ಷ ಕೇಳಿರಲಿಲ್ಲ. ಆ ದಿನ ಕೇಳಿದೆ. ಹೊಸ ಕೆಳಪಟ್ಟಿಯ ತೊಗಲನ್ನು ಆಯ್ದು ತಂದು ಕೂರಿಸಿದವರೂ ಅವರೇ.

ಬಣ್ಣ, ಆಮೇಲೆ ಲೇಪ

ತೊಗಲಿನ ಬಣ್ಣವೆಂದು ನೀರಿನಲ್ಲಿ ಕರಗುವ ಬಗೆಯದು ಅಂಗಡಿಗಳಲ್ಲಿ ದೊರೆಯುತ್ತದೆ. ಬಣ್ಣ ಹಾಕುವ ಮೊದಲು ಆಲ್ಕೊಹಾಲಿನಲ್ಲಿ ತೇವಮಾಡಿದ ಬಟ್ಟೆಯಿಂದ ಮೇಲ್ಮೈಯ ಜಿಡ್ಡನ್ನು ತೆಗೆಯಬೇಕು. ಜಿಡ್ಡಿನ ಮೇಲೆ ಬಣ್ಣ ನಿಲ್ಲದು. ಸ್ಪಂಜಿನ ತುಂಡಿನಿಂದ ತೆಳುವಾಗಿ ಒತ್ತಿ ಒತ್ತಿ ಹಚ್ಚಬೇಕು. ಮೊದಲ ಪದರ ಕಂಡು ಧೈರ್ಯಗೆಡಬೇಡಿ. ಅದು ಮೋಡಮೋಡವಾಗಿಯೇ ಇರುತ್ತದೆ. ಮೂರನೆಯ ಪದರಕ್ಕೆ ಒಂದು ಹದಕ್ಕೆ ಬರುತ್ತದೆ. ಒದ್ದೆಯಿರುವಾಗಿನ ಬಣ್ಣ ಬೇರೆ, ಒಣಗಿದಾಗಿನದು ಬೇರೆ. ಆದುದರಿಂದ ಮೊದಲೇ ಕಾಗದದ ಮೇಲೆ ಹಚ್ಚಿ, ಒಣಗಿಸಿ, ಹಗಲಿನ ಬೆಳಕಿನಲ್ಲಿ ಕುರ್ಚಿಯ ಪಕ್ಕಕ್ಕಿಟ್ಟು ಹೋಲಿಸಬೇಕು. ಬಣ್ಣ ಒಣಗಿದ ಮೇಲೆ ಅದಕ್ಕೆ ಹೊಂದುವ ಪಾರದರ್ಶಕ ರಕ್ಷಣಾ ಪದರ ಎರಡು ಬಾರಿ. ಈ ಪದರವಿಲ್ಲದ ಬಣ್ಣ ಬಟ್ಟೆಗೆ ಹತ್ತುತ್ತದೆ. ಬೂಟ್‌ಪಾಲಿಷು ಕುರ್ಚಿಗೆ ಸಲ್ಲದಿರುವುದು ಇದಕ್ಕಾಗಿಯೇ: ಬೂಟಿನ ಮೇಲೆ ಯಾರೂ ಬಿಳಿಯ ಪಂಚೆಯುಟ್ಟು ಕೂರುವುದಿಲ್ಲ.

ಬಣ್ಣ ಗಟ್ಟಿಯಾಗಲು ಕೆಲವು ದಿನ ಬಿಟ್ಟು, ತೊಗಲಿಗೆಂದೇ ತಯಾರಿಸಿದ ಮುಲಾಮನ್ನು ಕಡಲೆಕಾಳಿನಷ್ಟು ಬಟ್ಟೆಗೆ ತೆಗೆದುಕೊಂಡು ತೆಳುವಾಗಿ ಸವರಿ, ಅರ್ಧ ಗಂಟೆಯ ಮೇಲೆ ಒರಸಿ ತೆಗೆಯಬೇಕು. ಕೊಬ್ಬರಿಯೆಣ್ಣೆ, ಕಡಲೆಕಾಯಿ ಎಣ್ಣೆ, ಆಲಿವ್ ಎಣ್ಣೆಗಳು ಅಡಿಗೆಮನೆಯಲ್ಲಿಯೇ ಇರಲಿ. ಅವು ತೊಗಲನ್ನು ಕಪ್ಪಾಗಿಸಿ, ಹಳಸಿ, ಧೂಳನ್ನೂ ಬೂಷ್ಟನ್ನೂ ಕರೆಯುತ್ತವೆ.

ಮುಂದಿನ ಆರೈಕೆ

ಗೃಹಿಣಿಯರೂ ಗೃಹಸ್ಥರೂ ಇಷ್ಟನ್ನು ನೆನಪಿಟ್ಟರೆ ಸಾಕು. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರಸುವುದು. ಮುಲಾಮು ವರ್ಷಕ್ಕೆ ಎರಡು ಬಾರಿ, ಅದೂ ತೆಳುವಾಗಿ. ಕಿಟಕಿಯ ನೇರ ಬಿಸಿಲಿಗೂ ಹವಾನಿಯಂತ್ರಕದ ನೇರ ಗಾಳಿಗೂ ಕುರ್ಚಿಯನ್ನು ಒಡ್ಡದಿರುವುದು. ಮಳೆಗಾಲದಲ್ಲಿ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಹಿಂದೆ ಗಾಳಿಯಾಡಲು ಬಿಡುವುದು. ಮಂಗಳೂರು, ಕಾರವಾರ, ಮಲೆನಾಡಿನ ಮನೆಗಳಲ್ಲಿ ಇದು ಇನ್ನೂ ಅವಶ್ಯ. ಗಾಳಿಯ ತೇವ ನೂರಕ್ಕೆ ೬೫ನ್ನು ಮೀರಿ ಬಹುದಿನ ನಿಂತರೆ ಬೂಷ್ಟಿಗೆ ಆಹ್ವಾನ. ತಲೆ ಆನಿಸುವೆಡೆ ಒಂದು ಒಗೆದ ಬಟ್ಟೆ ಹೊದಿಸುವುದು ನಮ್ಮ ಅಜ್ಜಿಯರ ಪದ್ಧತಿ; ಅದಕ್ಕಿಂತ ಒಳ್ಳೆಯ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.

ಮರದ ಚೌಕಟ್ಟಿನ ಕೀಲುಗಳೇ ಕಳಚಿದ್ದರೆ, ಹುಳು ತಿಂದಿದ್ದರೆ, ಆಸನದ ತೊಗಲು ಎಳೆದಲ್ಲಿ ಕಾಗದದಂತೆ ಹರಿಯುತ್ತಿದ್ದರೆ, ಮನೆಯ ಪ್ರಯೋಗ ಬೇಡ. ಬಲ್ಲ ಕುಶಲಕರ್ಮಿಗೆ ಒಪ್ಪಿಸಿ, ಅವನು ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ.

ಕೊನೆಯ ದಿನ

ತಿಂಗಳು ತುಂಬಲು ಮೂರು ದಿನ ಉಳಿದಿರುವಾಗ ಕುರ್ಚಿ ಸಿದ್ಧವಾಯಿತು. ಹೊಸದರಂತೆ ಕಾಣುತ್ತಿತ್ತೆಂದರೆ ಸುಳ್ಳಾದೀತು. ಕೈಯ ಮೇಲೆ ಗಾಯದ ಗೆರೆ ನೋಡಿದವರಿಗೆ ಕಾಣುತ್ತದೆ. ತಲೆಯೆಡೆಯ ಮಂಡಲವೂ ಮಸುಕಾಗಿ ಇದೆ. ಆದರೆ ಕುಳಿತರೆ ಹಿಡಿಯುತ್ತದೆ, ತಿವಿಯುವುದಿಲ್ಲ.

ನಾನು ತಂದೆಯವರ ಕೈ ಹಿಡಿದು ಕರೆತಂದೆ. ಹೊಲಿಗೆಯ ಗುರುಗಳೂ ತಮ್ಮ ಕೆಲಸ ನೋಡಲು ಬಂದು ಬಾಗಿಲ ಬಳಿ ನಿಂತಿದ್ದರು. ತಂದೆಯವರು ಕುರ್ಚಿಯ ಬೆನ್ನನ್ನು ಸವರಿ, “ಮೊದಲು ಅವರು ಕುಳಿತುಕೊಳ್ಳಲಿ” ಎಂದರು. ಆ ವೃದ್ಧರು ಬೇಡವೆಂದರು. ತಂದೆಯವರು ಕುಳಿತುಕೊಳ್ಳಲೊಲ್ಲರು. ಕೊನೆಗೆ ಅವರು ಟೋಪಿ ತೆಗೆದು, ಆಸನದ ತುದಿಯಲ್ಲಿ ಕುಳಿತು, ಮೆಲ್ಲನೆ ಹಿಂದಕ್ಕೆ ಒರಗಿದರು. “ಐವತ್ತು ವರ್ಷ ತೊಗಲಿನ ಕೆಲಸ ಮಾಡಿದೆ, ತೊಗಲಿನ ಕುರ್ಚಿಯಲ್ಲಿ ಕುಳಿತದ್ದು ಇವತ್ತೇ” ಎಂದರು. ನನಗೆ ಅಜ್ಜಿಯ ಜಗಲಿ ನೆನಪಾಯಿತು.

ಆಮೇಲೆ ತಂದೆಯವರು ಕುಳಿತರು. ಬಲಗೈ ತಾನಾಗಿಯೇ ಹಳೆಯ ಜಾಗಕ್ಕೆ ಹೋಯಿತು. ಬೆರಳುಗಳು ಹುಡುಕಿದವು, ಸ್ವಲ್ಪ ಹೊತ್ತು ಸಿಗಲಿಲ್ಲ. ಅನಂತರ ಆ ಸಣ್ಣ ಗೆರೆ ಸಿಕ್ಕಿತು. ಎರಡು ಅಂಚುಗಳನ್ನು ಕೂಡಿಸಲು ಬೆರಳು ಒತ್ತಿದರು. ಅವು ಕೂಡಿಯೇ ಇದ್ದುವು. ಕೈಯನ್ನು ಅಲ್ಲಿಯೇ ಬಿಟ್ಟು, “ಕಾಫಿ ಆಯಿತೇ?” ಎಂದು ಕೇಳಿದರು.

ಹಳೆಯ ಸಾಮಾನಿನವನು ಹೇಳಿದ ದಿನಕ್ಕೆ ಸರಿಯಾಗಿ ಬಂದ. ಕುರ್ಚಿಯನ್ನು ನೋಡಿ, ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, “೩,೦೦೦ ಕೊಡುತ್ತೇನೆ” ಎಂದ. ಈ ಬಾರಿ ಉತ್ತರ ಕೊಟ್ಟವನು ನನ್ನ ತಮ್ಮ. “ಅದು ಮಾರುವುದಕ್ಕಲ್ಲ. ಬೇಕಾದರೆ ಆ ಕಬ್ಬಿಣದ ಬೀರು ನೋಡು” ಎಂದ.